ಸಿಆರ್‌ಪಿ ಇಳಿದಿರಲಿಲ್ಲ, ಯೂನಿಟ್ ಬೇರೆಯಾಗಿತ್ತು

ಸ್ಟ್ರೋಕ್ ಆಗಿ ಕೆಲವು ತಿಂಗಳಾದ ಹಿರಿಯರೊಬ್ಬರ ಎರಡು ರಿಪೋರ್ಟುಗಳು ನಮ್ಮ ಲ್ಯಾಬಿನ ಕೌಂಟರಿಗೆ ಬಂದವು. ಮಂಗಳೂರಿನದರಲ್ಲಿ ಸಿಆರ್‌ಪಿ (ದೇಹದಲ್ಲಿ ಉರಿಯೂತವಿದ್ದರೆ ರಕ್ತದಲ್ಲಿ ಏರುವ ಪ್ರೋಟೀನ್) 12, ಆಮೇಲೆ ಕಾಸರಗೋಡಿನಲ್ಲಿ ಮಾಡಿಸಿದ್ದರಲ್ಲಿ 1.8. "ಇಷ್ಟು ಇಳಿದಿದೆಯಲ್ಲ, ಮತ್ತೆ ಅಪ್ಪನಿಗೆ ಈ ವಾರ ಮರೆವು ಜಾಸ್ತಿ ಆದದ್ದು ಯಾಕೆ?" ಎಂದು ಮಗ ಕೇಳಿದರು. ಮೊದಲನೆಯದು ಲೀಟರಿಗೆ ಮಿಲಿಗ್ರಾಂ, ಎರಡನೆಯದು ಡೆಸಿಲೀಟರಿಗೆ ಮಿಲಿಗ್ರಾಂ. ಡೆಸಿಲೀಟರ್ ಎಂದರೆ ಲೀಟರಿನ ಹತ್ತನೇ ಒಂದು ಭಾಗ, ಹತ್ತರಿಂದ ಗುಣಿಸಿದರೆ 1.8 ಎಂಬುದು 18. ಡಾಕ್ಟರು ಯೂರಿನ್ ಕಲ್ಚರ್ ಬರೆದರು, ಸೋಂಕು ಸಿಕ್ಕಿತು.

ಕರ್ನಾಟಕ-ಕೇರಳ ಗಡಿಯ ಆಚೀಚೆ ಎರಡು ಕಡೆ ಚಿಕಿತ್ಸೆ ಪಡೆಯುವವರೇ ತುಂಬಿರುವ ಊರಿದು. ಆದರೂ ಸಾಫ್ಟ್‌ವೇರಿನವರು ಯೂನಿಟ್ಟನ್ನು ಇರುವೆ ಗಾತ್ರದ ಅಕ್ಷರದಲ್ಲಿ ಪ್ರಿಂಟ್ ಮಾಡಿಸುತ್ತಾರೆ. ಎಷ್ಟು ಸಲ ಹೇಳಿದರೂ ಬದಲಾಗಿಲ್ಲ.

ಸಿಆರ್‌ಪಿಯನ್ನು ಲಿವರ್ ತಯಾರಿಸುತ್ತದೆ, ಮುಖ್ಯವಾಗಿ ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಪ್ರೋಟೀನಿನ ಪ್ರಚೋದನೆಯಿಂದ. ಉರಿಯೂತ ಶುರುವಾದ ಕೆಲವೇ ಗಂಟೆಗಳಲ್ಲಿ ಏರಿ, ಸುಮಾರು 48 ಗಂಟೆಗೆ ತುದಿ ಮುಟ್ಟುತ್ತದೆ. ಕಾರಣ ಹೋದರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಸ್ಟ್ರೋಕಿನಿಂದಲೂ ಅದು ಏರಬಹುದು. ಆದರೆ ತಿಂಗಳುಗಳ ನಂತರ ಹೊಸದಾಗಿ ಏರಿದರೆ ಮೊದಲು ಸೋಂಕು ಹುಡುಕಬೇಕು: ನುಂಗಲು ಕಷ್ಟವಿದ್ದವರಿಗೆ ನ್ಯುಮೋನಿಯಾ, ಕ್ಯಾತಿಟರ್ (ಮೂತ್ರದ ನಳಿಕೆ) ಇದ್ದವರಿಗೆ ಮೂತ್ರದ ಸೋಂಕು, ಮಲಗಿದವರಿಗೆ ಬೆನ್ನಿನ ಹುಣ್ಣು. ಹೃದಯದ ಅಪಾಯ ನೋಡುವ ಹೈ ಸೆನ್ಸಿಟಿವಿಟಿ ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಆ ಅಂಕಿಯಿಂದ ಅಪಾಯ ಲೆಕ್ಕ ಹಾಕಬಾರದು, ಎರಡು ವಾರ ಬಿಟ್ಟು ರಿಪೀಟ್ ಮಾಡಬೇಕು.

ಉರಿಯೂತ ಹೆಚ್ಚಿದ್ದವರಲ್ಲಿ ಸ್ಟ್ರೋಕಿನ ನಂತರ ನೆನಪು, ಯೋಚನೆ ಕುಗ್ಗುವುದು ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ. ಅದು ಗುಂಪಿನ ಲೆಕ್ಕ. ಒಬ್ಬರ ಸಿಆರ್‌ಪಿ ಹಿಡಿದು "ಇವರಿಗೆ ಡಿಮೆನ್ಶಿಯಾ ಬರುತ್ತದೆ" ಎನ್ನಲು ಆಗದು. ದಿನಗಳೊಳಗೆ ಗಲಿಬಿಲಿ ಹೆಚ್ಚಿದರೆ ಸೋಂಕು, ಸೋಡಿಯಂ, ಶುಗರ್, ಹೊಸ ಮಾತ್ರೆ ಇವನ್ನು ನೋಡಬೇಕು. ಮುಖ ಓರೆಯಾದರೆ, ಮಾತು ತೊದಲಿದರೆ, ಕೈ ಬಿದ್ದರೆ ಲ್ಯಾಬಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಮರೆವಿಗೆ ತಪ್ಪದೆ ಮಾಡಿಸಬೇಕಾದದ್ದು ವಿಟಮಿನ್ ಬಿ12 ಮತ್ತು ಥೈರಾಯ್ಡ್ ನೋಡುವ ಟಿಎಸ್‌ಎಚ್, ಎರಡರ ತೊಂದರೆಗೂ ಚಿಕಿತ್ಸೆ ಉಂಟು. ಹೋಮೋಸಿಸ್ಟೀನ್ (ರಕ್ತದಲ್ಲಿರುವ ಒಂದು ಅಮೈನೋ ಆಮ್ಲ) ಪರೀಕ್ಷೆ ಬರೆದಿದ್ದರೆ ಸ್ಯಾಂಪಲ್ ವಿಷಯದಲ್ಲಿ ಜಾಗ್ರತೆ ಬೇಕು. ತೆಗೆದ ರಕ್ತದಲ್ಲಿ ಕೆಂಪುಕಣಗಳು ಅದನ್ನು ಹೊರಬಿಡುತ್ತಲೇ ಇರುತ್ತವೆ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ) ಟ್ಯೂಬನ್ನು ತಕ್ಷಣ ಐಸಿನಲ್ಲಿಟ್ಟು, ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜಿನಲ್ಲಿ ವೇಗವಾಗಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಬೇಕು. ಪೆರ್ಲದಲ್ಲೋ ಅಡೂರಿನಲ್ಲೋ ಹೋಮ್ ಕಲೆಕ್ಷನ್ ಮಾಡಿ, ಮಧ್ಯಾಹ್ನದ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ತಂದ ಟ್ಯೂಬಿನ ಅಂಕಿ ಸುಳ್ಳಾಗಿ ಏರಿರುತ್ತದೆ. ಅಂಥ ಸ್ಯಾಂಪಲನ್ನು ರಿಜೆಕ್ಟ್ ಮಾಡಬೇಕು, ಮ್ಯಾನೇಜರ್ ಗೊಣಗಿದರೂ ಸರಿ.

ನೆನಪಿನ ಅಳತೆ ರಕ್ತದಲ್ಲಿ ಸಿಗದು, ಮೋಕಾದಂಥ (MoCA, ನೆನಪು-ಯೋಚನೆ ಅಳೆಯುವ ಪ್ರಶ್ನೆಗಳ) ಪರೀಕ್ಷೆಯೇ ಬೇಕು. ಅದು 30 ಅಂಕದ್ದು, ಸಾಮಾನ್ಯವಾಗಿ 26ರ ಕೆಳಗೆ ಬಂದರೆ ಮುಂದಿನ ತಪಾಸಣೆ. ಆದರೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತವರಿಗೆ ಮಲಯಾಳದಲ್ಲಿ ಪ್ರಶ್ನೆ ಕೇಳಿದರೆ ಅಂಕ ಬೀಳುವುದು ಸಹಜ. ಯಾವ ತಿಂಗಳು ಎಂದರೆ ತುಳು ತಿಂಗಳ ಹೆಸರು "ಆಟಿ" ಎಂದ ಮಾತ್ರಕ್ಕೆ ಮರೆವು ಎನ್ನಬಾರದು. ಸ್ಟ್ರೋಕಿನಿಂದ ಮಾತೇ ಹೊರಡದವರ ಅಂಕವೂ ಹಾಗೆಯೇ ನಂಬಲಾಗದು. ಕನ್ನಡಕ, ಕಿವಿಯ ಮೆಷಿನ್ ಹಾಕಿಸಿ ಕೂರಿಸಿ. ರೆಫರಲ್ ಚೀಟಿಯಲ್ಲಿ ಮನೆಮಾತು ಯಾವುದೆಂದು ಬರೆಸಿ. ಹಳೆಯ ರಿಪೋರ್ಟುಗಳನ್ನು ಯೂನಿಟ್ ಕಾಣುವಂತೆ ಪೂರ್ತಿ ಹಾಳೆಯ ಜೆರಾಕ್ಸ್ ಮಾಡಿಸಿ ಜೊತೆಗೆ ಪಿನ್ ಹೊಡೆಯಿರಿ.