ನೆಬ್ರಾಸ್ಕಾದ ಅಂಕಿಅಂಶ ಓದುವಾಗ

2020ರ ಜನಗಣತಿಯಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಜನಸಂಖ್ಯೆ 19,61,504. ವಿಸ್ತೀರ್ಣ ಸುಮಾರು 2 ಲಕ್ಷ ಚದರ ಕಿಲೋಮೀಟರ್. ಭಾಗಿಸಿದರೆ ಚದರ ಕಿಲೋಮೀಟರಿಗೆ ಹತ್ತು ಜನ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಈ ಹತ್ತನ್ನು ನಂಬಿ ಹೊರಟವರಿಗೆ ಆ ರಾಜ್ಯ ಅರ್ಥವಾಗುವುದಿಲ್ಲ.

ಅಲ್ಲಿ ಒಟ್ಟು 93 ಕೌಂಟಿಗಳಿವೆ, ಅಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳು. ರಾಜ್ಯದ ಅತಿ ದೊಡ್ಡ ನಗರ ಒಮಾಹಾ ಇರುವ ಡಗ್ಲಸ್, ಅದಕ್ಕೆ ತಾಗಿಕೊಂಡ ಸಾರ್ಪಿ, ರಾಜಧಾನಿ ಲಿಂಕನ್ ಇರುವ ಲ್ಯಾಂಕಾಸ್ಟರ್, ಈ ಮೂರರಲ್ಲೇ ಸುಮಾರು 11 ಲಕ್ಷ ಜನ ಇದ್ದಾರೆ. ಅಂದರೆ ರಾಜ್ಯದ ಅರ್ಧಕ್ಕಿಂತ ಹೆಚ್ಚು. ಉತ್ತರದ ಚೆರ್ರಿ ಕೌಂಟಿಯೋ, ಇಡೀ ಕನೆಕ್ಟಿಕಟ್ ರಾಜ್ಯಕ್ಕಿಂತ ದೊಡ್ಡದು, ಜನ 5,455. ಅಲ್ಲಿ ಮೂರು ಚದರ ಕಿಲೋಮೀಟರಿಗೆ ಒಬ್ಬರು ಸಿಕ್ಕರೆ ಹೆಚ್ಚು. ಹಾಗಾಗಿ ಇಡೀ ರಾಜ್ಯದ ಸರಾಸರಿಯನ್ನು ಬಿಟ್ಟು ನೇರವಾಗಿ ಕೌಂಟಿಯ ಪಟ್ಟಿಗೆ ಹೋಗಿ.

ಈ ಅಂತರಕ್ಕೆ ಮುಖ್ಯ ಕಾರಣ ಮಳೆ ಮತ್ತು ಮಣ್ಣು. ಆಗ್ನೇಯ ಮೂಲೆಯಲ್ಲಿ ವರ್ಷಕ್ಕೆ 30 ಇಂಚಿಗೂ ಹೆಚ್ಚು ಮಳೆ. ಪಶ್ಚಿಮದ ಅಂಚಿಗೆ ಹೋಗುವಷ್ಟರಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ನಡುವೆ ರಾಜ್ಯದ ಕಾಲು ಭಾಗದಷ್ಟು ಹರಡಿಕೊಂಡಿರುವುದು ಸ್ಯಾಂಡ್‌ಹಿಲ್ಸ್, ಹುಲ್ಲು ಹೊದ್ದ ಮರಳುದಿಬ್ಬಗಳು. ಅಲ್ಲಿ ಉಳುಮೆ ಮಾಡಿದರೆ ಹುಲ್ಲಿನ ಬೇರಿನ ಹಿಡಿತ ತಪ್ಪಿ ಗಾಳಿ ಮರಳನ್ನೇ ಎತ್ತಿಕೊಂಡು ಹೋಗುತ್ತದೆ. ಆದ್ದರಿಂದ ಅದು ದನ ಮೇಯಿಸುವ ನಾಡಾಗಿಯೇ ಉಳಿಯಿತು. 1862ರ ಹೋಮ್‌ಸ್ಟೆಡ್ ಕಾಯ್ದೆ ಕುಟುಂಬಕ್ಕೆ ಕೊಡುತ್ತಿದ್ದ 160 ಎಕರೆಯಲ್ಲಿ ಇಲ್ಲಿ ಬದುಕುವುದು ಕಷ್ಟವಾಗಿತ್ತು. 1904ರ ಕಿಂಕೇಡ್ ಕಾಯ್ದೆ ಅದನ್ನು 640 ಎಕರೆಗೆ ಏರಿಸಿತು. ರಾಜ್ಯದಲ್ಲಿ ಇಂದು ಜನರ ಮೂರು ಪಟ್ಟು ದನಗಳಿವೆ.

ನೀರಾವರಿಯ ಅಂಕಿ ನೋಡುವಾಗ ಇನ್ನಷ್ಟು ಎಚ್ಚರ ಬೇಕು. ಹಲವು ರಾಜ್ಯಗಳ ಅಡಿಯಲ್ಲಿ ಹರಡಿರುವ ಒಗಲಾಲ ಅಂತರ್ಜಲ ಪದರದ ನೀರಿನಲ್ಲಿ ಸಿಂಹಪಾಲು ನೆಬ್ರಾಸ್ಕಾದ ಅಡಿಯಲ್ಲೇ ಇದೆ. ಅದನ್ನು ಮೇಲೆತ್ತಿ ಹೊಲಕ್ಕೆ ಚಿಮುಕಿಸುವುದು ಸೆಂಟರ್ ಪಿವಟ್: ಹೊಲದ ನಡುವಿನ ಗೂಟದ ಸುತ್ತ, ಚಕ್ರಗಳ ಮೇಲೆ, ಕಾಲು ಮೈಲಿ ಉದ್ದದ ಕೊಳವೆ ನಿಧಾನವಾಗಿ ತಿರುಗುತ್ತದೆ. ಹೊಲ ಅರ್ಧ ಮೈಲಿ ಬದಿಯ ಚೌಕ, 160 ಎಕರೆ. ಕೊಳವೆ ಬಿಡಿಸುವುದು ವೃತ್ತ. ಹಾಗಾಗಿ ನೀರು ಬೀಳುವುದು ಸುಮಾರು 126 ಎಕರೆಗೆ. ನಾಲ್ಕು ಮೂಲೆಗಳ 34 ಎಕರೆ ಒಣಗಿಯೇ ಇರುತ್ತದೆ. ಕೊಳವೆಯ ತುದಿಗೆ ನೀರನ್ನು ದೂರ ಚಿಮ್ಮಿಸುವ 'ಗನ್' ಕೂರಿಸಿದರೆ ಇನ್ನೊಂದಿಷ್ಟು ಸಿಕ್ಕೀತು. ಜಮೀನಿನ ಎಕರೆಯನ್ನೂ ನೀರು ಬಿದ್ದ ಎಕರೆಯನ್ನೂ ಒಂದೇ ಎಂದುಕೊಂಡರೆ ಎಕರೆವಾರು ಇಳುವರಿಯ ಲೆಕ್ಕವೇ ಕೆಡುತ್ತದೆ. ಈ ನೀರಿನ ಬಳಕೆಗೆ ಕಟ್ಟುಪಾಡು ಹಾಕುವುದು ನದಿಗಳ ಜಲಾನಯನ ಪ್ರದೇಶಗಳನ್ನು ಅನುಸರಿಸಿ ವಿಂಗಡಿಸಿದ 23 ನೈಸರ್ಗಿಕ ಸಂಪನ್ಮೂಲ ಜಿಲ್ಲೆಗಳು. ಕೌಂಟಿಯ ಗಡಿಯೇ ಅವುಗಳ ಗಡಿಯಲ್ಲ, ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಕೂಡಿಸಬೇಡಿ.

ಒಮಾಹಾದ ವಿಷಯದಲ್ಲೂ ಹೀಗೆಯೇ. 2020ರಲ್ಲಿ ನಗರದ ಜನಸಂಖ್ಯೆ 4,86,051. 'ಮಹಾನಗರ ಪ್ರದೇಶ' ಎಂದು ಬರೆದಿದ್ದರೆ ಮಿಸೌರಿ ನದಿಯಾಚೆಯ ಕೌನ್ಸಿಲ್ ಬ್ಲಫ್ಸ್ ಕೂಡ ಸೇರಿದೆ ಎಂದರ್ಥ. ಅದು ಅಯೋವಾ ರಾಜ್ಯ. ಆ ಜನರನ್ನು ಕಳೆಯದೆ ನೆಬ್ರಾಸ್ಕಾದ ಶೇಕಡಾವಾರು ತೆಗೆಯಬಾರದು.