ಬಿಸಿಲೇರಿದ ಮೇಲಿನ ರಂಗೋಲಿ: ಯುಗಾದಿವರೆಗಿನ ವರದಿ

ಸಂಕ್ರಾಂತಿ ಆದ ಮೇಲೆ

ಯುಗಾದಿಗೆ ಬಾಗಿಲ ಮುಂದೆ ದೊಡ್ಡ ರಂಗೋಲಿ ಹಾಕಬೇಕು ಅಂತಿದ್ದೇನೆ. ಸಂದು ಚುಕ್ಕಿ, 15ರಿಂದ 8: ನಡುಸಾಲಿನಲ್ಲಿ 15 ಚುಕ್ಕಿ, ಎರಡೂ ಕಡೆ ಸಾಲಿಗೊಂದು ಕಡಿಮೆಯಾಗುತ್ತಾ ಕೊನೆಗೆ 8. ಸದ್ಯಕ್ಕೆ ಕೈಗೆ ಬರುತ್ತಿರುವುದು 7ರಿಂದ 4.

ಹೊಸದಾಗಿ ಓದುವವರಿಗೆ: ನನಗೆ ಪಾರ್ಕಿನ್ಸನ್ ಇದೆ (ಮಿದುಳಿನಲ್ಲಿ ಡೋಪಮೈನ್ ಕಡಿಮೆಯಾಗಿ ಚಲನೆ ಕೆಡುವ ಕಾಯಿಲೆ), ವಯಸ್ಸು ಇನ್ನೂ ಐವತ್ತಾಗಿಲ್ಲ. "ಅದು ವಯಸ್ಸಾದವರ ಕಾಯಿಲೆ ಅಲ್ವಾ?" ಅನ್ನುವವರಿಗೆ ಈಗ ಸುಮ್ನೆ ನಗುತ್ತೇನೆ. ನನಗೆ ನಡುಕಕ್ಕಿಂತ ಬಿಗಿತ ಜಾಸ್ತಿ. ಬೆಳಗ್ಗೆ ಏಳುವಾಗ ಬಲಗಾಲಿನ ಬೆರಳುಗಳು ಒಳಕ್ಕೆ ಮಡಚಿಕೊಂಡಿರುತ್ತವೆ. ರಾತ್ರಿಯ ಮಾತ್ರೆಯ ಬಲ ಅಷ್ಟೊತ್ತಿಗೆ ಇಳಿದಿರುತ್ತದೆ. ಮಾತ್ರೆಯಲ್ಲಿರುವ ಲೆವೊಡೋಪಾ ಮಿದುಳು ಸೇರಿ ಡೋಪಮೈನ್ ಆಗುವವರೆಗೆ ನೆಲಕ್ಕೆ ಕೂರುವ ಮಾತೇ ಇಲ್ಲ. ಹಾಲಿನ ಪ್ರೋಟೀನೂ ಅದಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಮೊದಲು ನೀರಲ್ಲಿ ಮಾತ್ರೆ, ಕಾಫಿ ಆಮೇಲೆ, ರಂಗೋಲಿ ಎಂಟರ ನಂತರ.

ಎದುರುಮನೆಯವರು "ಬಿಸಿಲೇರಿದ ಮೇಲೆ ರಂಗೋಲಿನಾ?" ಅಂದರು. ಹೌದು ರೀ, ಡೋಪಮೈನ್ ಏರಿದ ಮೇಲೆ.

ಶಿವರಾತ್ರಿ ಹೊತ್ತಿಗೆ

ಚುಕ್ಕಿ ಇಲ್ಲದೆ ಬಳ್ಳಿ ಎಳೆದರೆ ಹೋಗ್ತಾ ಹೋಗ್ತಾ ಎಲೆಗಳು ಚಿಕ್ಕದಾಗುತ್ತವೆ. ನನ್ನ ಕೈಬರಹದ್ದೂ ಇದೇ ಕಥೆ, ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ. ಆದರೆ ಚುಕ್ಕಿಯಿಂದ ಚುಕ್ಕಿಗೆ ಎಳೆದರೆ ಗೆರೆ ಕುಗ್ಗುವುದಿಲ್ಲ! ಫಿಸಿಯೋಥೆರಪಿಯವರನ್ನು ಕೇಳಿದೆ. ತಾನಾಗಿ ನಡೆಯುವ ಚಲನೆ ಈ ಕಾಯಿಲೆಯಲ್ಲಿ ಕೆಡುತ್ತದೆ, ಕಣ್ಣಿಗೊಂದು ಗುರುತು ಸಿಕ್ಕರೆ ಮಿದುಳು ಬೇರೆ ದಾರಿ ಹಿಡಿಯುತ್ತದೆ ಅಂದರು. ಹೊಸ್ತಿಲಲ್ಲಿ ಕಾಲು ಅಂಟಿಕೊಂಡಂತೆ ನಿಂತಾಗಲೂ ಇದೇ ಉಪಾಯ: ಮುಂದೊಂದು ಅಡ್ಡಗೆರೆ ಎಳೆದು ಅದನ್ನು ದಾಟುವುದು. ರಂಗೋಲಿ ತುಳಿಯಬಾರದು ಅಂತ ಚಿಕ್ಕಂದಿನಿಂದ ದಾಟಿದ್ದೇ ದಾಟಿದ್ದು, ಈಗ ಉಪಯೋಗಕ್ಕೆ ಬಂತು.

ಅತ್ತೆ ಮೊದಲೆಲ್ಲ "ಕೊಡಮ್ಮ, ನಾನೇ ಹಾಕ್ತೀನಿ" ಅಂತ ಪುಡಿಯ ಬಟ್ಟಲು ಕಿತ್ತುಕೊಳ್ಳುತ್ತಿದ್ದರು. ಈಗ ಒಪ್ಪಂದ ಆಗಿದೆ. ಚುಕ್ಕಿ ಅವರದು, ಗೆರೆ ನನ್ನದು. ತಡವಾದರೆ ಒಳಗೆ ಹೋಗಿ ಸೊಪ್ಪು ಬಿಡಿಸುತ್ತಾರೆ, ಪಕ್ಕದಲ್ಲಿ ನಿಂತು ನೋಡುವುದಿಲ್ಲ. ಇದಕ್ಕಿಂತ ದೊಡ್ಡ ಸಹಾಯ ನಾನು ಕೇಳಿಲ್ಲ.

ಮಾರ್ಚ್

ನನ್ನಂತೆ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಬಂದವರ ಭಾನುವಾರದ ವಿಡಿಯೋ ಕಾಲ್ ಗುಂಪಿಗೆ ಸೇರಿದೆ. ಮುಂಚೆ ಹೋಗಿದ್ದ ಗುಂಪಿನಲ್ಲಿ ಎಲ್ಲರೂ ಹಿರಿಯರು, ಒಳ್ಳೆಯವರೇ, ಆದರೆ ಮಾತೆಲ್ಲ ಪೆನ್ಷನ್ ಮತ್ತು ಮೊಮ್ಮಕ್ಕಳದು. ಇಲ್ಲಿ ಮಕ್ಕಳ ಫೀಸು, ಹೋಮ್ ಲೋನ್, ಆಫೀಸಿನಲ್ಲಿ ಯಾವಾಗ ಹೇಳೋದು ಅನ್ನುವ ಚರ್ಚೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ ಅಂತ ನನಗೆ ಗೊತ್ತಾಗಿದ್ದು ಇಲ್ಲೇ. ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿದ್ದೇನೆ.

ಯುಗಾದಿ

15 ಆಗಲಿಲ್ಲ. 11ರಿಂದ 6 ಹಾಕಿದೆ. ಗೆರೆ ಮುಗಿಯುವಷ್ಟರಲ್ಲಿ ಮಾತ್ರೆ ಇಳಿಯಿತು, ಬಣ್ಣ ಮಗಳು ತುಂಬಿದಳು. ಗುಂಪಿಗೆ ಫೋಟೋ ಕಳಿಸಿದೆ. ಒಬ್ಬರು ತಮ್ಮ ಮನೆಯ ಅಂಗಳದಲ್ಲಿ ಹಾಕಿದ್ದನ್ನು ವಾಪಸ್ ಕಳಿಸಿದರು, ಬರೀ 5ರಿಂದ 3.

ಮುಂದಿನದು ಗೌರಿ ಹಬ್ಬಕ್ಕೆ. ನುಣುಪು ಪುಡಿ ಬೆರಳಿಗೆ ಮೆತ್ತಿಕೊಳ್ಳುತ್ತದೆ, ಸ್ವಲ್ಪ ತರಿಯಾಗಿರುವುದನ್ನು ತರಬೇಕು. ಕೂರಲು ಎತ್ತರದ ಮಣೆಯೂ ಬೇಕು.