ಸಿಮ್ಯುಲೇಟರ್ ದಿನಚರಿ: ಜಕ್ಕೂರಿನಲ್ಲಿ ಎಂಜಿನ್ ನಿಂತಾಗ

ಮೊದಲ ವಾರ

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರಿನ ಯೋಕ್ (ವಿಮಾನ ತಿರುಗಿಸುವ ಹಿಡಿ), ಪೆಡಲ್ ಎರಡೂ ಅಂತೂ ಅಲ್ಲಾಡದೆ ಗಟ್ಟಿಯಾಗಿ ಕೂತಿವೆ. ಸುಮ್ಮನೆ ಹಾರಿಸಿ ಇಳಿಸಿ ಬೇಜಾರಾಗಿತ್ತು. ಅದಕ್ಕೇ ಈ ತಿಂಗಳು ಒಂದೇ ಪಾಠ: ನೆಲ ಬಿಟ್ಟು ನಿಮಿಷದೊಳಗೆ ಎಂಜಿನ್ ಕೈಕೊಟ್ಟರೆ ಏನು ಮಾಡೋದು? ವಿಮಾನ ಸೆಸ್ನಾ 172, ಒಂದೇ ಎಂಜಿನ್ನಿನ ಪುಟ್ಟದು. ಜಾಗ ಬೆಂಗಳೂರಿನ ಜಕ್ಕೂರು ವಿಮಾನತಾಣ, ನಮ್ಮ ತಾರಸಿಯಿಂದ ಅಲ್ಲಿನ ತರಬೇತಿ ವಿಮಾನಗಳು ಕಾಣುತ್ತವೆ, ಬೇರೆ ಕಾರಣವೇನೂ ಇಲ್ಲ.

ಕೈಪಿಡಿ ಹೇಳೋದು ಸರಳ. ಮೊದಲು ಮೂತಿ ತಗ್ಗಿಸು, ವೇಗ 70 ನಾಟ್‌ನಲ್ಲಿ (ಗಂಟೆಗೆ ಸುಮಾರು 130 ಕಿ.ಮೀ.) ಹಿಡಿ. ಆಮೇಲೆ ಮಿಕ್ಸ್ಚರ್ (ಗಾಳಿ-ಇಂಧನ ಬೆರೆಸುವ ಹಿಡಿ), ಇಂಧನ, ಇಗ್ನಿಷನ್ ಬಂದ್. ಎದುರಿಗೆ ಸಿಕ್ಕ ಜಾಗದಲ್ಲಿ ಇಳಿ. ಆದರೆ ಕೈ ಕೇಳಬೇಕಲ್ಲ! ಬೆನ್ನ ಹಿಂದೆ ಒಳ್ಳೆ ಡಾಂಬರು ರನ್‌ವೇ ಇರುವಾಗ ಮುಂದಿನ ಕಟ್ಟಡಗಳ ಕಡೆ ಯಾರಿಗೆ ಮನಸ್ಸು ಬರುತ್ತೆ?

ಹಾಗಾಗಿ ವಾಪಸ್ ತಿರುಗಿಯೇ ನೋಡಿದೆ. 45 ಡಿಗ್ರಿ ವಾಲಿಸಿ ತಿರುಗಿದರೆ 450 ಅಡಿಯಷ್ಟು ಎತ್ತರ ಕರಗುತ್ತೆ. ಇಷ್ಟು ವಾಲಿದಾಗ ಸ್ಟಾಲ್ ವೇಗವೂ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯದ ವೇಗ, 48 ನಾಟ್‌ನಿಂದ 57ಕ್ಕೆ ಏರುತ್ತೆ. ಮೂತಿ ಚೂರು ಎತ್ತಿದರೆ ಸ್ಟಾಲ್ ಎಚ್ಚರಿಕೆಯ ಹಾರ್ನ್ ಕಿರುಚುತ್ತೆ. ಎರಡು ಸಲ ಗಿರಕಿ ಹೊಡೆದು ಬಿದ್ದೆ.

ಎರಡನೇ ವಾರ

700 ಅಡಿಯಲ್ಲಿ ಎಂಜಿನ್ ನಿಲ್ಲಿಸಿದೆ. ತಿರುಗಿದ್ದು ಸಲೀಸಾಗಿ ಆಯ್ತು, ರನ್‌ವೇ ಮಾತ್ರ ಕೈಗೆ ಸಿಗಲಿಲ್ಲ. 900 ಅಡಿಗೆ ಏರಿ ನಿಲ್ಲಿಸಿದೆ. ಆಗಲೂ ಸಿಗಲಿಲ್ಲ. ಎತ್ತರ ಹೆಚ್ಚಿದ್ದರೂ ಯಾಕೆ ಹೀಗೆ ಅಂತ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದಾಗ ಹೊಳೀತು.

ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. 30 ಡಿಗ್ರಿ ಬಿಸಿಲಿಗೆ ಅಲ್ಲಿನ ಗಾಳಿ 5,500 ಅಡಿ ಎತ್ತರದಲ್ಲಿ ಇರುವಷ್ಟು ತೆಳು. ತುಂಬಿದ ಸೆಸ್ನಾ ಆ ಗಾಳಿಯಲ್ಲಿ ಒಂದು ಅಡಿ ಏರಲು ಹದಿನಾಲ್ಕು ಅಡಿ ಮುಂದೆ ಹೋಗಬೇಕು. ಎಂಜಿನ್ ನಿಂತ ಮೇಲೆ ಒಂದು ಅಡಿ ಇಳಿಯುವಾಗ ಒಂಬತ್ತು ಅಡಿ ಮಾತ್ರ ತೇಲುತ್ತೆ. ಅಂದರೆ ನೇರ ಏರುತ್ತಾ ಹೋದಷ್ಟೂ ರನ್‌ವೇ ದೂರವೇ ಆಗುತ್ತೆ. ‘ಇನ್ನಷ್ಟು ಎತ್ತರ ಸಿಕ್ಕರೆ ವಾಪಸ್ ಬರಬಹುದು’ ಅಂತ ನಾನು ನಂಬಿದ್ದೇ ತಪ್ಪು, ಗಾಳಿ ಜೋರಾಗಿ ಎದುರು ಬೀಸುತ್ತಿದ್ದರೆ ಬೇರೆ ಮಾತು. ಬೇಗ ಪಕ್ಕಕ್ಕೆ ತಿರುಗಿ ಸರ್ಕ್ಯೂಟಿನಲ್ಲೇ (ರನ್‌ವೇ ಸುತ್ತ ಹಾರುವ ದಾರಿ) ಏರಿದಾಗ ಲೆಕ್ಕ ಕೂಡಿಬಂತು.

ಮೂರನೇ ವಾರ

ಎಂಜಿನ್ ನಿಲ್ಲಿಸುತ್ತಿದ್ದವನು ನಾನೇ ಆದ್ದರಿಂದ ಮೇಲಿನ 450 ಅಡಿ ಒಂದು ಥರ ಕಾಪಿ ಹೊಡೆದ ಪರೀಕ್ಷೆ. ಈಗ ಎಂಜಿನ್ ನಿಲ್ಲಿಸುವ ಗುಂಡಿ ಮಗಳ ಕೈಲಿದೆ. ಮೊದಲ ಸಲ ಅವಳು ಒತ್ತಿದಾಗ ನಾನು ಸುಮ್ಮನೆ ಆರ್‌ಪಿಎಂ ಮುಳ್ಳು ನೋಡುತ್ತಾ ಕೂತಿದ್ದೆ. ರೆಕಾರ್ಡಿಂಗ್ ನೋಡಿದರೆ ಆರು ಸೆಕೆಂಡು! ಅಷ್ಟರಲ್ಲಿ ವೇಗ 74ರಿಂದ 55ಕ್ಕೆ ಕುಸಿದಿತ್ತು.

2009ರ ಜನವರಿ 15ರಂದು ಹಡ್ಸನ್ ನದಿಗೆ ಇಳಿದ ಏರ್‌ಬಸ್ಸಿನ ತನಿಖೆ ನೆನಪಾಯ್ತು. ಸುಮಾರು 2,800 ಅಡಿಯಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಶಕ್ತಿ ಕಳೆದುಕೊಂಡಿದ್ದವು. ತನಿಖೆಗಾಗಿ ಸಿಮ್ಯುಲೇಟರಿನಲ್ಲಿ ಅದನ್ನೇ ಮತ್ತೆ ಹಾರಿಸಿ ನೋಡಿದಾಗ, ತಕ್ಷಣ ತಿರುಗಿದ ಪೈಲಟ್‌ಗಳಲ್ಲಿ ಕೆಲವರು ಹೊರಟಿದ್ದ ಲಾಗಾರ್ಡಿಯಾ ವಿಮಾನ ನಿಲ್ದಾಣ ಮುಟ್ಟಿದರು. ಯೋಚಿಸಲು 35 ಸೆಕೆಂಡು ಬಿಟ್ಟು ತಿರುಗಿದಾಗ ಮುಟ್ಟಲಾಗಲಿಲ್ಲ.

ಈಗ ಹೊರಡುವ ಮುಂಚೆ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ: ‘ನಿಂತರೆ ಮೂತಿ ಕೆಳಗೆ, ಕೆರೆ ಎಡಕ್ಕೆ.’ ಹೆಂಡತಿಗೆ ನಗು. ಆದರೆ ಆರು ಸೆಕೆಂಡು ಮೂರಕ್ಕೆ ಇಳಿದಿದೆ.

ನಿನ್ನೆ ಮಗಳು ಬರೀ 250 ಅಡಿಯಲ್ಲಿ ಒತ್ತಿದಳು. ಪೂರ್ವಕ್ಕೆ ಏರುತ್ತಿದ್ದೆ. ವಾಪಸ್ ಬರುವ ಯೋಚನೆಯೇ ಬರಲಿಲ್ಲ. ಮೂತಿ ತಗ್ಗಿಸಿ, ಚೂರು ಎಡಕ್ಕೆ ವಾಲಿಸಿ, ಜಕ್ಕೂರು ಕೆರೆಯ ನೀರಿಗೆ ಇಳಿಸಿದೆ.

“ಅಪ್ಪಾ, ಒದ್ದೆ ಆದ್ಯಾ?”

ಬಾಗಿಲ ಲಾಚ್ ಬಿಡಿಸುವುದು ಮರೆತಿದ್ದೆ. ಇವತ್ತು ಅದನ್ನೂ ಚೀಟಿಗೆ ಸೇರಿಸಿ ಮಾನಿಟರ್ ಅಂಚಿಗೆ ಅಂಟಿಸಿದ್ದೇನೆ.